ಬೋರ್ಡು ನೋಡಿ ಸೀಟು ಹಿಡಿಯಬೇಡಿ

ಪಿಯುಸಿ ಫಲಿತಾಂಶ ಬಂದ ಮನೆಗಳಲ್ಲಿ ಈಗ ಎರಡು ಮಾತು ಓಡಾಡುತ್ತಿರುತ್ತವೆ. ಸರ್ಕಾರಿ ವಿಶ್ವವಿದ್ಯಾಲಯವೆಂದರೆ "ಅಲ್ಲೇನಿದೆ?", ಖಾಸಗಿಯದಾದರೆ "ದುಡ್ಡಿದ್ದವರಿಗೆ ಬಿಡಿ". ಎರಡನ್ನೂ ಪೂರ್ತಿ ನಂಬಬೇಡಿ.

ನಾಲ್ವಡಿ ಕೃಷ್ಣರಾಜ ಒಡೆಯರ್ 1916ರಲ್ಲಿ ಸ್ಥಾಪಿಸಿದ ಮೈಸೂರು ವಿಶ್ವವಿದ್ಯಾಲಯಕ್ಕೆ ಕುವೆಂಪು ಕುಲಪತಿಗಳಾಗಿದ್ದರು. ವಿಜ್ಞಾನಿ ಸಿ.ಎನ್.ಆರ್. ರಾವ್ ಬಿ.ಎಸ್ಸಿ. ಪದವಿ ಪಡೆದಿದ್ದೂ ಅಲ್ಲಿಂದಲೇ. ಆದರೆ ಹಳೆಯ ಕೀರ್ತಿ ಇಂದು ಪಾಠ ಮಾಡುವುದಿಲ್ಲ. ನಮ್ಮ ಎಷ್ಟೋ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಖಾಯಂ ಅಧ್ಯಾಪಕರ ಹುದ್ದೆಗಳು ಖಾಲಿ ಬಿದ್ದು, ಅತಿಥಿ ಉಪನ್ಯಾಸಕರೇ ವಿಭಾಗ ನಡೆಸುತ್ತಿದ್ದಾರೆ. ಇದು ನೋವಿನ ಸಂಗತಿ. ಆದರೂ ಹಳ್ಳಿಯ ಬಡ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಎಂ.ಎ., ಎಂ.ಎಸ್ಸಿ. ಮುಗಿಸುವುದು ಇಲ್ಲಿಯ ಕಡಿಮೆ ಶುಲ್ಕ, ಹಾಸ್ಟೆಲ್ಲುಗಳ ಬಲದಿಂದಲೇ.

ಖಾಸಗಿಯವರೆಲ್ಲ ವ್ಯಾಪಾರಿಗಳೆಂಬುದೂ ಸುಳ್ಳು. ಟಿ.ಎಂ.ಎ. ಪೈ 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಕಟ್ಟಿದಾಗ ಆ ಜಾಗವೊಂದು ಬೋಳುಗುಡ್ಡ. ಇಂದು ದೇಶ ವಿದೇಶದವರು ಹುಡುಕಿಕೊಂಡು ಬರುತ್ತಾರೆ. ಹಾಗೆಂದು ಗಾಜಿನ ಕಟ್ಟಡ, ಪತ್ರಿಕೆಯ ಮುಖಪುಟದ ಜಾಹೀರಾತು ಕಂಡು ಜಮೀನು ಅಡವಿಡಬೇಡಿ.

ಸೇರುವ ಮೊದಲು ಒಂದು ದಿನ ಹೋಗಿ ಬನ್ನಿ. ನಿಮ್ಮ ಮಗು ಓದಲಿರುವ ವಿಭಾಗದಲ್ಲಿ ಖಾಯಂ ಅಧ್ಯಾಪಕರೆಷ್ಟು, ಪ್ರಯೋಗಾಲಯ ತೆರೆದಿರುತ್ತದೆಯೇ, ಪರೀಕ್ಷೆ, ಫಲಿತಾಂಶ ಹೊತ್ತಿಗೆ ಸರಿಯಾಗಿ ಆಗುತ್ತವೆಯೇ ಎಂದು ಕೊನೆಯ ವರ್ಷದ ವಿದ್ಯಾರ್ಥಿಗಳನ್ನೇ ಕೇಳಿ. ಸಿಇಟಿ ಮೂಲಕ ಖಾಸಗಿ ಕಾಲೇಜುಗಳಲ್ಲೂ ಸರ್ಕಾರಿ ಕೋಟಾದ ಸೀಟುಗಳಿರುತ್ತವೆ; ಮ್ಯಾನೇಜ್‌ಮೆಂಟ್ ಸೀಟಿಗೆ ಹಣ ಕಟ್ಟುವ ಮುನ್ನ ದಯವಿಟ್ಟು ಅದನ್ನು ವಿಚಾರಿಸಿ.