ಉಸ್ತಾದರ ಮನಸ್ಸು

ನಮಾಝ್‌ನ ನಡುವೆ ಯಾರೋ ಸೀನಿದರು. ಹೊಸದಾಗಿ ಇಸ್ಲಾಮ್ ಸ್ವೀಕರಿಸಿದ್ದ ಮುಆವಿಯ ಬಿನ್ ಹಕಮ್(ರ) 'ಯರ್‌ಹಮುಕಲ್ಲಾಹ್' ಎಂದುಬಿಟ್ಟರು. ಎಲ್ಲರೂ ದುರುಗುಟ್ಟಿ ನೋಡಿದರು. ನಮಾಝ್ ಮುಗಿದ ಮೇಲೆ ಪ್ರವಾದಿವರ್ಯರು(ಸ) ಗದರಲಿಲ್ಲ, ಹೊಡೆಯಲಿಲ್ಲ, ನಿಂದಿಸಲಿಲ್ಲ. ನಮಾಝ್‌ನಲ್ಲಿ ಮಾತು ಸಲ್ಲದೆಂದು ತಿಳಿಹೇಳಿದರು, ಅಷ್ಟೇ. ಆಗ ಮುಆವಿಯ(ರ) ಕಣಿ, ಶಕುನಗಳ ಬಗ್ಗೆ ಒಂದೊಂದಾಗಿ ಪ್ರಶ್ನೆ ಕೇಳತೊಡಗಿದರು (ಮುಸ್ಲಿಮ್). ಅವಮಾನಗೊಂಡಿದ್ದರೆ ಬಾಯಿ ತೆರೆಯುತ್ತಿದ್ದರೇ?

ಕೋಪದಲ್ಲಿರುವಾಗ ತೀರ್ಪು ನೀಡಬಾರದೆಂದು ಪ್ರವಾದಿವರ್ಯರು(ಸ) ನ್ಯಾಯಾಧೀಶನಿಗೆ ಆಜ್ಞಾಪಿಸಿರುವರು. ತರಗತಿಯಲ್ಲಿ ಅಧ್ಯಾಪಕನೂ ದಿನವಿಡೀ ತೀರ್ಪು ನೀಡುವವನೇ ಅಲ್ಲವೇ?

ಆದರೆ ಓದುಗರೇ, ಮದ್ರಸದ ಉಸ್ತಾದರ ಸಂಬಳವನ್ನು ಎರಡು ತಿಂಗಳು ಬಾಕಿಯಿಟ್ಟು ಅವರಿಂದ ನಗುಮುಖ ನಿರೀಕ್ಷಿಸುವುದು ನ್ಯಾಯವೇ? ಬೆತ್ತಕ್ಕೆ ಇದು ಸಮರ್ಥನೆಯಲ್ಲ. ಆದರೂ ಮಗು 'ಉಸ್ತಾದ್ ಬೈದರು' ಎಂದು ಅಳುತ್ತಾ ಬಂದ ದಿನ, ದೂರು ಹೇಳಲು ಹೊರಡುವ ಮುನ್ನ, ಈ ತಿಂಗಳ ನಿಮ್ಮ ಪಾಲಿನ ವಂತಿಗೆ ಸಂದಿದೆಯೇ ಎಂದೊಮ್ಮೆ ನೋಡಿಕೊಳ್ಳಿ.