ಸೈಕಲ್ ಜಾಡು ಎಷ್ಟು ಎಕರೆ ನುಂಗುತ್ತದೆ?

ತೋಟದ ಮೇಲಿನ ಕಾಡಂಚಿನಲ್ಲಿ ಗುಡ್ಡಗಾಡು ಸೈಕಲ್ ಓಡಿಸಲು ಜಾಡು ಮಾಡಿಸಬಹುದೇ, ಅದರಿಂದ ಕಾಡುಪ್ರಾಣಿಗಳಿಗೆ ತೊಂದರೆಯುಂಟೇ ಎಂದು ಹೋಂಸ್ಟೇ ನಡೆಸುವ ಕೆಲವು ಸದಸ್ಯರು ವಿಚಾರಿಸಿರುತ್ತಾರೆ. ಇದಕ್ಕೆ ಮೌಂಟನ್ ಬೈಕ್ ಎಂಬ ಹೆಸರಿರುವುದರಿಂದ ಹಲವರು ಮೋಟಾರ್ ಸೈಕಲ್ ಎಂದೇ ಭಾವಿಸಿದ್ದಾರೆ. ಹಾಗಲ್ಲ, ಇದು ದಪ್ಪ ಟಯರಿನ, ಕಾಲಿನಿಂದ ತುಳಿಯುವ ಸೈಕಲ್ಲೇ. ಹೊಗೆಯಿಲ್ಲ, ಸದ್ದಿಲ್ಲ, ಜಾಡಿನ ಅಗಲ ಹೆಚ್ಚೆಂದರೆ ಒಂದು ಮೀಟರು. ಹಾನಿಯಿರಲಾರದೆಂಬ ವಾದವು ಮೇಲ್ನೋಟಕ್ಕೆ ಸರಿಯೆಂದೇ ತೋರುತ್ತದೆ. ಅದನ್ನು ಪರೀಕ್ಷಿಸುವ ಬಗೆಯನ್ನು ಇಲ್ಲಿ ವಿವರಿಸಿದ್ದೇವೆ.

10 ಕಿ.ಮೀ. ಉದ್ದ, 1 ಮೀ. ಅಗಲದ ಜಾಡು ಹಿಡಿಯುವ ನೆಲ 1 ಹೆಕ್ಟೇರು, ಅಂದರೆ ಸುಮಾರು ಎರಡೂವರೆ ಎಕರೆ. ಜಾಡು ಮಾಡಿಸುವವರು ತೋರಿಸುವ ಲೆಕ್ಕ ಇಷ್ಟೇ. ಆದರೆ ಮನುಷ್ಯನ ಸುಳಿವು ಸಿಕ್ಕೊಡನೆ ಪ್ರಾಣಿ ಎಷ್ಟು ದೂರ ಸರಿಯುತ್ತದೆಂಬುದೇ ನಿಜವಾದ ಅಳತೆ. ಅಮೆರಿಕದ ಯೂಟಾ ರಾಜ್ಯದ ಆಂಟೆಲೋಪ್ ದ್ವೀಪದಲ್ಲಿ ಬೈಸನ್ (ನಮ್ಮಲ್ಲಿ ಕಾಟಿಗೂ ಇದೇ ಹೆಸರು ಹೇಳುವುದುಂಟು, ಇದು ಬೇರೆ ಪ್ರಾಣಿ) ಮತ್ತು ಜಿಂಕೆಗಳನ್ನು ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಜಾಡಿನಿಂದ 100 ಮೀ. ಒಳಗಿದ್ದ ಪ್ರಾಣಿ ಎದ್ದು ಓಡುವ ಸಂಭವ ನೂರಕ್ಕೆ 70. ನಡೆಯುವವರಿಗೂ ಸೈಕಲಿನವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಆದರೆ ಸೈಕಲಿನವನು ಅಷ್ಟೇ ಹೊತ್ತಿನಲ್ಲಿ ಹೆಚ್ಚು ದೂರ ಸುತ್ತಿ ಹೆಚ್ಚು ಪ್ರಾಣಿಗಳನ್ನು ಎಬ್ಬಿಸಬಲ್ಲ.

ಈಗ ಲೆಕ್ಕ ತಿರುಗಿ ಹಾಕಿರಿ. ಎರಡೂ ಬದಿಗೆ ನೂರು ನೂರು ಮೀಟರಿನಂತೆ 10 ಕಿ.ಮೀ. ಜಾಡಿಗೆ 200 ಹೆಕ್ಟೇರು, ಹತ್ತಿರ ಹತ್ತಿರ 500 ಎಕರೆ! ಅದು ಬಯಲುಸೀಮೆಯ ಹುಲ್ಲುಗಾವಲಿನ ಲೆಕ್ಕ, ನಮ್ಮ ದಟ್ಟ ಕಾಡಿನಲ್ಲಿ ಅಂತರ ಕಡಿಮೆಯಿರಬಹುದು ಎಂದು ಯಾರಾದರೂ ಹೇಳಿದರೆ ಒಪ್ಪೋಣ. ಹಾಗಾದರೆ ಇಲ್ಲಿಯೇ ಅಳೆದು ತೋರಿಸಲಿ.

ಓಡದ ಪ್ರಾಣಿಗೆ ತೊಂದರೆಯಿಲ್ಲವೆಂದೂ ತಿಳಿಯಬಾರದು. ಕೆಲವು ಅಡಗಿ ಕೂರುತ್ತವೆ. ಆರೆಗಾನ್ ರಾಜ್ಯದ ಸ್ಟಾರ್ಕಿ ಎಂಬ ಬೇಲಿಯಿಟ್ಟ ಸಂಶೋಧನಾ ಅರಣ್ಯದಲ್ಲಿ 2002ರಿಂದ 2004ರವರೆಗೆ ಎಲ್ಕ್ ಎಂಬ ದೊಡ್ಡ ಜಿಂಕೆಗಳಿಗೆ (ಇವು ನಮ್ಮ ಕಡವೆಯ ಬಂಧುಗಳು) ಕೊರಳಪಟ್ಟಿ ಕಟ್ಟಿ ಚಲನವಲನ ಗುರುತಿಸಿದರು. ಅವು ಮೋಟಾರು ವಾಹನದಿಂದ ಎಲ್ಲಕ್ಕಿಂತ ದೂರ ಸರಿದವು, ಎರಡನೆಯದು ಸೈಕಲ್, ನಡೆಯುವವರಿಂದ ಅದಕ್ಕೂ ಕಡಿಮೆ. ಕೊಲರಾಡೊದಲ್ಲಿ 1990ರ ದಶಕದಲ್ಲಿ ಎಲ್ಕ್ ಮರಿ ಹಾಕುವ ಕಾಲಕ್ಕೆ ಬೇಕೆಂದೇ ಜನರನ್ನು ಅವುಗಳ ನಡುವೆ ನಡೆಸಿ ನೋಡಿದಾಗ ಮರಿಗಳ ಪ್ರಮಾಣ ಇಳಿಯಿತು. ಓಡಾಟ ನಿಲ್ಲಿಸಿದ ಮೇಲೆ ಚೇತರಿಸಿಕೊಂಡಿತು. ನಮಗೆ ಇದು ಮುಖ್ಯವೆನಿಸುತ್ತದೆ, ಏಕೆಂದರೆ ಜಾಡು ಎಲ್ಲಿ ಎಂಬಷ್ಟೇ ಯಾವ ತಿಂಗಳು ಎಂಬುದೂ ಪರಿಣಾಮವನ್ನು ನಿರ್ಧರಿಸುತ್ತದೆ.

ಸೈಕಲಿಗೆ ಸದ್ದಿಲ್ಲವೆಂಬುದು ಗುಣವೇ ಎಂಬುದನ್ನೂ ಯೋಚಿಸತಕ್ಕದ್ದು. 2016ರ ಜೂನ್‌ನಲ್ಲಿ ಮೊಂಟಾನಾ ರಾಜ್ಯದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಸಮೀಪ, ವೇಗವಾಗಿ ಬರುತ್ತಿದ್ದ ಸವಾರನೊಬ್ಬ ತಿರುವಿನಲ್ಲಿ ಗ್ರಿಜ್ಲಿ ಕರಡಿಗೆ ನೇರವಾಗಿ ಡಿಕ್ಕಿ ಹೊಡೆದು ಅದರ ದಾಳಿಗೆ ಬಲಿಯಾದ. ಇದು 1975ರಿಂದ ಅಲ್ಲಿ ಸಂರಕ್ಷಿತ ಪ್ರಾಣಿ. ನಮ್ಮಲ್ಲಿ ತಿರುವಿನಾಚೆ ನಿಂತಿರುವುದು ಆನೆ. ಆನೆಯೂ ಕಾಟಿಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೇ ಅನುಸೂಚಿಯಲ್ಲಿವೆ; ಕಾಡಿನಲ್ಲಿದ್ದರೂ ತೋಟಕ್ಕಿಳಿದರೂ ರಕ್ಷಣೆ ಒಂದೇ. ಹಗಲು ಕಾಫಿ ತೋಟದ ನೆರಳಿನಲ್ಲಿ ತಂಗುವ ಆನೆಗಳನ್ನು ಕೊಡಗು, ಸಕಲೇಶಪುರದ ಕಡೆಯವರು ಬಲ್ಲರು. ಮೇಲಿನ ಕಾಡಿನಲ್ಲಿ ನೆಮ್ಮದಿ ಕೆಟ್ಟರೆ ಅವು ಇಳಿಯುವುದು ನಮ್ಮ ಬೈನೆ, ಹಲಸು, ಬಾಳೆಗೆ. ಬೆಳಿಗ್ಗೆ ಎದುರಾಗುವುದು ಜಾಡು ಮಾಡಿಸಿದವರಿಗಲ್ಲ, ಕೆಲಸಕ್ಕೆ ಬಂದ ಆಳುಗಳಿಗೆ.

ಹಾಗಾದರೆ ಪರಿಶೀಲನೆ ಹೇಗಿರಬೇಕು? ಗುದ್ದಲಿ ಬೀಳುವ ಮೊದಲೇ ಎಣಿಕೆಯಾಗಬೇಕು. ನಂತರ ಎಣಿಸಿದರೆ ಹೋಲಿಸಲು ಏನೂ ಉಳಿದಿರುವುದಿಲ್ಲ. ಡಿಸೆಂಬರಿನಲ್ಲಿ ಒಂದು ವಾರ ಓಡಾಡಿ ಬರೆದ ವರದಿಯನ್ನು ನಾವು ಪರಿಶೀಲನೆಯೆಂದು ಕರೆಯೆವು. ಮಳೆಗಾಲ, ಹಲಸು ಹಣ್ಣಾಗುವ ಕಾಲ, ಬೇಸಿಗೆಯಲ್ಲಿ ನೀರು ಬತ್ತುವ ಕಾಲ ಎಲ್ಲವೂ ಸೇರಿ ಒಂದು ವರ್ಷ ಬೇಕು. ಜಾಡು ಬರುವ ಕಡೆ ಮತ್ತು ಅಂಥದೇ ಆದರೆ ಜಾಡು ಬರದ ಇನ್ನೊಂದು ಕಡೆ ಹೆಜ್ಜೆ, ಲದ್ದಿ, ಹಿಕ್ಕೆಗಳನ್ನು ತಿಂಗಳಿಗೊಮ್ಮೆ ಒಂದೇ ರೀತಿ ಬರೆದಿಡತಕ್ಕದ್ದು. ಕಾಡಂಚಿನಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಇಟ್ಟರೆ ರಾತ್ರಿಯ ಲೆಕ್ಕವೂ ಸಿಗುತ್ತದೆ. ಜಾಡು ತೆರೆದ ಮೇಲೆ ಇದನ್ನೇ ಮುಂದುವರಿಸಿದರೆ ಮಳೆಯ ಏರುಪೇರಿನಿಂದ ಆದ ವ್ಯತ್ಯಾಸ ಯಾವುದು, ಸೈಕಲಿನಿಂದ ಆದುದು ಯಾವುದು ಎಂದು ಬೇರ್ಪಡಿಸಬಹುದು.

ಅರಣ್ಯದ ಜಮೀನಾದರೆ ಇಲಾಖೆಯ ಅನುಮತಿಯಿಲ್ಲದೆ ಒಂದು ಗಜವೂ ಕೂಡದು. ಸ್ವಂತ ಜಮೀನಿನಲ್ಲಿ ಮಾಡುವವರು ಆನೆ ದಾರಿ, ನೀರಿನ ಕೆರೆ, ಉಪ್ಪುನೆಲ ಬಿಟ್ಟು, ತೋಟದ ನಡುವಿನ ಹಳೆಯ ರಸ್ತೆಯನ್ನೇ ಬಳಸುವುದು ಮೇಲು. ಮುಂಜಾನೆ, ಸಂಜೆ, ರಾತ್ರಿ ಸವಾರಿ ಬೇಡ.

ಇನ್ನೊಂದು ಮಾತು. ಮೂವರು ಬೇರೆ ಬೇರೆಯಾಗಿ ಮೂರು ಮೂರು ಕಿ.ಮೀ. ಜಾಡು ಮಾಡಿದರೆ ಒಂದೊಂದೂ ಚಿಕ್ಕದೇ. ಒಟ್ಟಾಗಿ ಒಂದು ಹಾದಿಯನ್ನೇ ಮುಚ್ಚಿಬಿಡಬಹುದು. ಆಲೋಚನೆಯಲ್ಲಿರುವ ಸದಸ್ಯರು ಸರ್ವೆ ನಂಬರ್ ಸಹಿತ ನಕ್ಷೆಯನ್ನು ಕಚೇರಿಗೆ ತಂದರೆ, ನೆರೆಯ ತೋಟದವರ ನಕ್ಷೆಯೊಡನೆ ಜೋಡಿಸಿ ನೋಡಿಕೊಡುತ್ತೇವೆ.