ಕೊನೆಯಿಲ್ಲದ ಪುಟ

ದಿನದ ದುಡಿಮೆಯ ನಂತರ ಗೃಹಸ್ಥನಿಗೆ ದೊರೆಯುವ ವಿರಾಮವು ಅಮೂಲ್ಯವಾದುದು. ಹಿಂದಿನ ವಿರಾಮಸಾಧನಗಳಿಗೆಲ್ಲ ಒಂದು ಕೊನೆಯಿರುತ್ತಿತ್ತು. ವೃತ್ತಪತ್ರಿಕೆಗೆ ಕಡೆಯ ಪುಟವಿತ್ತು; ಆಕಾಶವಾಣಿಯ ಪ್ರಸಾರವು ರಾತ್ರಿ ಮುಕ್ತಾಯವಾಗುತ್ತಿತ್ತು. 1987ರಲ್ಲಿ ದೂರದರ್ಶನದಲ್ಲಿ ಆರಂಭವಾದ ರಾಮಾಯಣ ಧಾರಾವಾಹಿಯನ್ನು ಭಾನುವಾರ ಬೆಳಿಗ್ಗೆ ನೆರೆಹೊರೆಯವರೊಡನೆ ಕುಳಿತು ನೋಡಿದವರು, ಅದು ಮುಗಿದೊಡನೆ ಎದ್ದು ತಮ್ಮ ತಮ್ಮ ಕೆಲಸಗಳಿಗೆ ತೆರಳುತ್ತಿದ್ದರು. ಆ ಕೊನೆಯೇ ಮನೆಮಂದಿಯನ್ನು ಮತ್ತೆ ಪರಸ್ಪರರ ಕಡೆಗೆ ತಿರುಗಿಸುತ್ತಿತ್ತು.

ಇಂದು ನಮ್ಮ ಕೈಯಲ್ಲಿರುವ ಸಾಮಾಜಿಕ ಜಾಲತಾಣಗಳಿಗೆ ಅಂತಹ ಕೊನೆಯಿಲ್ಲ. ಇದು ಆಕಸ್ಮಿಕವಲ್ಲವೆಂಬುದನ್ನು ಅರಿಯಬೇಕು. ಪುಟದ ತುದಿ ಮುಟ್ಟುವ ಮೊದಲೇ ಮುಂದಿನದು ತಾನಾಗಿ ಬಂದು ಸೇರುವ ವಿಧಾನವನ್ನು 2006ರಲ್ಲಿ ಏಜಾ ರಾಸ್ಕಿನ್ ಎಂಬ ಅಮೆರಿಕದ ತಂತ್ರಜ್ಞರು ರೂಪಿಸಿದರು. ಅದು ಜನರ ಕಾಲವನ್ನು ಕಬಳಿಸುವುದನ್ನು ಕಂಡು ಮುಂದೆ ಅವರೇ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ನಮ್ಮ ದೇಶದಲ್ಲಿ 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದ ಬಳಿಕ ಇಂಟರ್‌ನೆಟ್ ಬಹಳ ಅಗ್ಗವಾಯಿತು. 2020ರ ಜೂನಿನಲ್ಲಿ ಟಿಕ್‌ಟಾಕ್ ನಿಷೇಧವಾದರೂ ಮರುತಿಂಗಳೇ ಇನ್‌ಸ್ಟಾಗ್ರಾಮಿನ ರೀಲ್ಸ್ ಇಲ್ಲಿಗೆ ಬಂದಿತು. ಮುಂದಿನ ದೃಶ್ಯವು ರುಚಿಸೀತೋ ಇಲ್ಲವೋ ಎಂಬ ಕುತೂಹಲವೇ ಬೆರಳನ್ನು ಮತ್ತೆ ಮತ್ತೆ ಓಡಿಸುತ್ತದೆ. ನಾವು ಹೆಚ್ಚು ಹೊತ್ತು ನೋಡಿದಷ್ಟೂ ಆ ಸಂಸ್ಥೆಗಳಿಗೆ ಜಾಹೀರಾತಿನ ಆದಾಯ ಹೆಚ್ಚು.

ಪರರಿಗೆ ಹೇಳುವ ಮೊದಲು ನಮ್ಮ ದೋಷವನ್ನು ಒಪ್ಪಿಕೊಳ್ಳುವುದು ಉಚಿತ. ಒಂದು ರಾತ್ರಿ ಊಟಕ್ಕೆ ಕುಳಿತಾಗ ನಮ್ಮ ತೀರ್ಥರೂಪರು ತಮ್ಮ ಬಾಲ್ಯದ ಮಳೆಗಾಲದ ಪ್ರಸಂಗವೊಂದನ್ನು ಹೇಳತೊಡಗಿದರು. ನಾವು ಎಡಗೈಯಲ್ಲಿ ಮೊಬೈಲು ಹಿಡಿದು ಸುಮ್ಮನೆ ಹೂಂಗುಟ್ಟುತ್ತಿದ್ದೆವು. ಮಾತು ನಿಂತುದೇ ನಮಗೆ ತಿಳಿಯಲಿಲ್ಲ. “ಅಪ್ಪಾ, ಅಜ್ಜ ಆಗಲೇ ಸುಮ್ಮನಾದರು” ಎಂದು ಮಗಳು ಹೇಳಿದಾಗ ತಲೆಯೆತ್ತಿ, “ಆಮೇಲೇನಾಯಿತು?” ಎಂದೆವು. “ಇರಲಿ, ಇನ್ನೊಮ್ಮೆ ಹೇಳಿದರಾಯಿತು” ಎಂದು ಅವರು ಕೈತೊಳೆಯಲು ಎದ್ದರು. ಆ ಪ್ರಸಂಗದ ಉಳಿದ ಭಾಗವನ್ನು ನಾವು ಇನ್ನೂ ಕೇಳಿಲ್ಲ.

ಮೊಬೈಲನ್ನು ತ್ಯಜಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ದೂರದೇಶದಲ್ಲಿರುವ ಮೊಮ್ಮಕ್ಕಳ ಮುಖವನ್ನು ಅಜ್ಜಿಗೆ ತೋರಿಸುವುದೂ ಅದೇ. ಆದರೆ ಯಂತ್ರವು ಹಾಕದ ಕೊನೆಯನ್ನು ನಾವೇ ಹಾಕಬೇಕು. ಊಟದ ಹೊತ್ತಿಗೆ ಹಿರಿಯರಾದಿಯಾಗಿ ಎಲ್ಲರ ಮೊಬೈಲುಗಳೂ ಗೋಡೆಯ ಗೂಡಿನಲ್ಲಿರಲಿ. ಅವಶ್ಯಕ ಕರೆಗಳ ಹೊರತು ಉಳಿದ ಸೂಚನೆಗಳ ಸದ್ದು ನಿಲ್ಲಲಿ. ಯೂಟ್ಯೂಬಿನಲ್ಲಿ ಮುಂದಿನ ದೃಶ್ಯ ತಾನಾಗಿ ಆರಂಭವಾಗುವ ಏರ್ಪಾಡನ್ನು ನಿಲ್ಲಿಸಿಡಬಹುದು. ಮಕ್ಕಳಿಗೆ ವಿಧಿಸುವ ನಿಯಮವನ್ನು ತಂದೆತಾಯಿಗಳು ಮೊದಲು ಪಾಲಿಸದಿದ್ದರೆ ಅದು ಮನೆಯಲ್ಲಿ ನಿಲ್ಲದು.

ರೀಲುಗಳು ನಾಳೆಯೂ ಬರುವುವು. ಹಿರಿಯರ ಮಾತು ನಾಳೆಗೂ ಇರುವುದೆಂಬ ಭರವಸೆ ಯಾರಿಗಿದೆ? ಇಂದಿನ ರಾತ್ರಿಯ ಊಟದಿಂದಲೇ ಇದನ್ನು ಆರಂಭಿಸೋಣ. ನಾವೂ ತೀರ್ಥರೂಪರ ಬಳಿ ಕುಳಿತು ಆ ಪ್ರಸಂಗವನ್ನು ಮೊದಲಿನಿಂದ ಕೇಳಿಕೊಳ್ಳುವೆವು.